ಪುಕ್ಕಟೆ ಕಪಾಟಿನ ಬೀಗ

ಮೇಲಿನ ಮನೆಯ ಕಾಕಾ ತೀರಿಹೋದ ಮರುದಿನ ಅವರ ಮನೆಯ ಚಾಪೆಯ ಮೇಲೆ ಕೂತು ನಮ್ಮ ಸೊಸೈಟಿಯವರೆಲ್ಲ ಅತ್ತರು. ಅಳು ನಿಜವಾದದ್ದೇ. ಯಾರು ಯಾತಕ್ಕೆ ಅಳುತ್ತಿದ್ದಾರೆ ಎಂಬುದು ಮಾತ್ರ ತುಸು ಹೊತ್ತಿನ ಮೇಲೆ ತಿಳಿಯಿತು. ಎರಡನೇ ಮಹಡಿಯವರು ಕಣ್ಣೊರೆಸಿಕೊಂಡು, ತಮ್ಮ ಪ್ರಿಂಟರ್ ಅರ್ಧ ಹಾಳೆ ಹೊರಗೆ ಹಾಕಿ ನಿಂತುಬಿಡುತ್ತದೆ, ಕಾಕಾ ನಾಳೆ ಬಂದು ನೋಡುತ್ತೇನೆ ಎಂದು ಮಾತು ಕೊಟ್ಟಿದ್ದರು, ಈಗ ನೋಡಿದರೆ ಹೀಗೆ ಮಾಡಿದರು ಎಂದರು. ಇನ್ನೊಬ್ಬರು ತಮ್ಮ ಮಗಳ ಮದುವೆಯ ಫೋಟೋಗಳನ್ನೆಲ್ಲ ಕಾಕಾ ಕಂಪ್ಯೂಟರಿನಲ್ಲಿ ಎಲ್ಲೋ ಭದ್ರವಾಗಿ ಇಟ್ಟುಕೊಟ್ಟಿದ್ದರು, ಎಷ್ಟು ಭದ್ರವೆಂದರೆ ಅವು ಎಲ್ಲಿವೆ ಎಂದು ಇನ್ನು ಯಾರಿಗೂ ತಿಳಿಯುವಂತಿಲ್ಲ ಎಂದು ಬಿಕ್ಕಿದರು. ಸೆಕ್ರೆಟರಿಯವರ ಹೆಂಡತಿ, ನಾವೆಲ್ಲ ವಹಿನಿ ಎಂದು ಕರೆಯುವವರು, ಬಹಳ ಹೊತ್ತು ಅತ್ತು, ಕೊನೆಗೆ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಮರಾಠಿಯಲ್ಲಿ ಕೇಳಿಯೇಬಿಟ್ಟರು: "ಆತಾ ಕೋಣಾಲಾ ಬೋಲವಾಯಚ?" ಇನ್ನು ಯಾರನ್ನು ಕರೆಯುವುದು?

ನನ್ನ ಮನೆಯಲ್ಲಿ ಆ ದಿನ ಏನೂ ಕೆಟ್ಟಿರಲಿಲ್ಲ. ಹಾಗಾಗಿ ನನಗೆ ಹೇಳಲು ಏನೂ ಹೊಳೆಯಲಿಲ್ಲ. ನಮ್ಮ ಮನೆಗೆ ಹೋಗಿ, ಬಂದವರಿಗೆಲ್ಲ ಚಹಾ ಮಾಡಿ ತಂದೆ.

ಕಾಕಾನಿಗೆ ಮಕ್ಕಳಿರಲಿಲ್ಲ, ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಬೆಳಗಾವಿಯಿಂದ ಅಣ್ಣನ ಮಗ ಬಂದು ಎಲ್ಲ ಕಾರ್ಯ ಮಾಡಿದ. ಒಳ್ಳೆಯ ಹುಡುಗ, ಅವಸರದ ಹುಡುಗ. ಮನೆ ಬಾಡಿಗೆಯದು. ಭಾನುವಾರ ಕೀಲಿಕೈ ಮಾಲಕರಿಗೆ ಕೊಡಬೇಕು, ಬೆಳಿಗ್ಗೆ ಗುಜರಿಯವನಿಗೆ ಬರಹೇಳಿದ್ದೇನೆ ಎಂದ. ಮಂಚ, ಕುರ್ಚಿ, ಪಾತ್ರೆಗಳ ಬಗ್ಗೆ ನಾನು ಮಾತಾಡಲಿಲ್ಲ. ಆದರೆ ಹಸಿರು ಬಣ್ಣದ ಕಬ್ಬಿಣದ ಕಪಾಟಿನ ಬಾಗಿಲು ತೆರೆದು, "ಅಕ್ಕಾರ, ಇವನ್ನೂ ಅವನ ಕೈಗೆ ಹಾಕಿಬಿಡ್ತೀನಿ" ಎಂದಾಗ ನನಗೆ ತಡೆಯಲಾಗಲಿಲ್ಲ. ಒಳಗೆ ಸಾಲುಸಾಲಾಗಿ ಸಿಡಿಗಳು. ಒಂದೊಂದರ ಮೇಲೂ ಕಾಕಾನ ದುಂಡು ಕೈಬರಹ, ಕನ್ನಡದಲ್ಲೂ ಮರಾಠಿಯಲ್ಲೂ: ಬರೆಯಲಿಕ್ಕೆ, ಲೆಕ್ಕಕ್ಕೆ, ಫೋಟೋ ತಿದ್ದಲಿಕ್ಕೆ, ವೈರಸ್ ಹೊರಗಿಡಲಿಕ್ಕೆ.

ನಾನು ಹಂಚುತ್ತೇನೆ ಎಂದೆ. ಅವತ್ತೇ ಎಲ್ಲವನ್ನೂ ರಟ್ಟಿನ ಡಬ್ಬಿಗೆ ತುಂಬಿ ಮೆಟ್ಟಿಲ ಕೆಳಗೆ, ನೋಟಿಸ್ ಬೋರ್ಡಿನ ಹತ್ತಿರ ಇಟ್ಟೆ. "ಕಾಕಾನ ಸಿಡಿಗಳು, ಪುಕ್ಕಟೆ, ಬೇಕಾದವರು ಒಯ್ಯಿರಿ" ಎಂದು ಚೀಟಿ ಅಂಟಿಸಿದೆ. ಮರುದಿನ ನೋಡಿದರೆ ಡಬ್ಬಿ ಇರಲಿಲ್ಲ. ಸಿಡಿಗಳು ನೆಲದ ಮೇಲೆ ಒಂದೂ ಕಡಿಮೆಯಾಗದೆ ಇದ್ದವು. ಗಟ್ಟಿ ಡಬ್ಬಿ, ಯಾರಿಗೋ ಬೇಕಾಗಿತ್ತು.

ಕಾಕಾ ಇದ್ದಿದ್ದರೆ ಇದಕ್ಕೆ ಆಶ್ಚರ್ಯಪಡುತ್ತಿರಲಿಲ್ಲ. ಅವರ ಇಷ್ಟು ವರ್ಷಗಳ ಅನುಭವವೇ ಅದು.

ಅವರು ಖಡಕಿಯ ಕಾರ್ಖಾನೆಯೊಂದರಲ್ಲಿ ಹತ್ಯಾರುಗಳ, ಅಂದರೆ ಉಪಕರಣಗಳ ಕೋಣೆಯ ಗುಮಾಸ್ತರಾಗಿದ್ದರು. ನನ್ನ ಗಂಡ ಅಲ್ಲಿಯೇ ಕೆಲಸಕ್ಕಿದ್ದರು, ಹಾಗಾಗಿ ನನಗೆ ಗೊತ್ತು. ಕೆಲಸಗಾರ ಬಂದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು, ಇವರು ಬಿಲ್ಲೆಯನ್ನು ಮೊಳೆಗೆ ತೂಗುಹಾಕಿ ನಟ್ಟು ತಿರುಗಿಸುವ ಪಾನಾ ಕೊಡಬೇಕು. ಸಂಜೆ ಪಾನಾ ವಾಪಸು, ಬಿಲ್ಲೆ ವಾಪಸು. ಜೀವನವೆಲ್ಲ ಜಾಲರಿಯ ಕಿಂಡಿಯ ಹಿಂದೆ ಕೂತು ತನ್ನದಲ್ಲದ್ದನ್ನು ಕೊಟ್ಟು, ಕೊಟ್ಟದ್ದನ್ನು ತಿರುಗಿ ಪಡೆದ ಮನುಷ್ಯ. ನಿವೃತ್ತಿಗೆ ಸ್ವಲ್ಪ ಮೊದಲು, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಕಂಪ್ಯೂಟರ್ ಕೊಂಡರು. ಎಲ್ಲಿಂದಲೋ ಒಂದು ಪತ್ರಿಕೆ ತಂದರು, ಅದರ ಜೊತೆ ಒಂದು ಸಿಡಿ ಬಂತು. ಅದರಲ್ಲಿದ್ದದ್ದನ್ನು ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಯಾರಿಗೆ ಬೇಕಾದರೂ ಕೊಡಬಹುದು, ತಪ್ಪಿಲ್ಲ ಎಂದು ಬರೆದಿತ್ತು. ಅದನ್ನು ಓದಿ ಅವರು ಓಡೋಡಿ ನಮ್ಮ ಮನೆಗೆ ಬಂದದ್ದು ನೆನಪಿದೆ.

"ತಂಗಿ, ಇದನ್ನ ಕೊಟ್ರೂ ನನ್ನ ಹತ್ರ ಉಳೀತದ" ಎಂದರು. "ಪಾನಾ ಕೊಟ್ರ ಮೊಳಿ ಖಾಲಿ ಆಗ್ತಿತ್ತು. ಇದನ್ನ ಊರಿಗೆಲ್ಲ ಕೊಡು, ಮೊಳಿ ಖಾಲಿನ ಆಗೂದಿಲ್ಲ. ಬಿಲ್ಲಿ ಬ್ಯಾಡ, ಸಹಿ ಬ್ಯಾಡ."

ಹಾಗೆ ಶುರುವಾಯಿತು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಸ್ಕ್ರೂಡ್ರೈವರ್, ಕೈಯಲ್ಲಿ ಧೂಳು ತೆಗೆಯಲು ಹಳೆಯ ಟೂತ್‌ಬ್ರಷ್. ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಕೆಡುವ ಮೊದಲು ಏನು ಮಾಡಿದಿರಿ? ಬರುವುದು ಒಂದೇ ಉತ್ತರ: ನಾನೇನೂ ಮಾಡಿಲ್ಲ. ಈ ಸೊಸೈಟಿಯಲ್ಲಿ ಇವತ್ತಿನ ತನಕ ಯಾರೂ ಏನೂ ಮಾಡಿಲ್ಲ, ಎಲ್ಲ ಕಂಪ್ಯೂಟರುಗಳೂ ತಾವಾಗಿಯೇ ಮನನೊಂದು ಕೆಟ್ಟಿವೆ ಎಂದು ಕಾಕಾ ಹೇಳುತ್ತಿದ್ದರು.

ಆಗ ಕಂಪ್ಯೂಟರಿಗೆ ಮನೆಯ ಹಿರಿಯರಿಗಿಂತ ಹೆಚ್ಚಿನ ಮರ್ಯಾದೆ. ಅದಿದ್ದ ಕೋಣೆಗೆ ಚಪ್ಪಲಿ ಹಾಕಿ ಹೋಗುವಂತಿರಲಿಲ್ಲ, ವೈರಸ್ ಬರುತ್ತದೆ. ಅದಕ್ಕೆ ಝಾಲರಿನ ನೆರಿಗೆಯ ಮುಸುಕು, ಹತ್ತಿಯ ಟೊಪ್ಪಿಗೆ. ವಹಿನಿಯವರಂತೂ ಧೂಳು ಬೀಳದಿರಲಿ ಎಂದು ಮುಸುಕು ತೆಗೆಯದೆಯೇ ಶುರು ಮಾಡುತ್ತಿದ್ದರು. ಅದು ಸೆಕೆ ತಾಳಲಾರದೆ ಆರಿಹೋಗುತ್ತಿತ್ತು. ಖಂಡೇನವಮಿಯ ದಿನ ಕಾರ್ಖಾನೆಯ ಹತ್ಯಾರುಗಳಿಗೆ ಮಾಡುವಂತೆ ಕಂಪ್ಯೂಟರಿಗೂ ಪೂಜೆ. ಒಂದು ವರ್ಷ ವಹಿನಿ ಭಕ್ತಿಯಿಂದ ಹಾಕಿದ ಅಕ್ಷತೆ ನೇರವಾಗಿ ಫ್ಲಾಪಿ ತೂರಿಸುವ ಕಂಡಿಯೊಳಗೆ ಹೋಯಿತು. ಕಾಕಾ ನನ್ನ ಕೂದಲಿನ ಪಿನ್ನು ಇಸಿದುಕೊಂಡು ಹೋಗಿ, ಕುಂಕುಮ ಹತ್ತಿದ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಅವನ್ನು ಎಸೆಯುವಂತಿಲ್ಲವೆಂದು ವಹಿನಿ ಅಂಗೈ ಚಾಚಿ ಪ್ರಸಾದದಂತೆ ತೆಗೆದುಕೊಂಡರು. ಮುಂದಿನ ವರ್ಷದಿಂದ ಪೂಜೆಯ ನಿಯಮ ಕಾಕಾನೇ ಹೇಳಿಕೊಟ್ಟರು: ಅಕ್ಷತೆ ಮಾನಿಟರಿನ ತಲೆಯ ಮೇಲೆ ಒಂದೇ ಕಾಳು, ತೆಂಗಿನಕಾಯಿ ಹೊರಗೆ.

ಒಂದು ಪೂಜೆಯನ್ನು ಮಾತ್ರ ಅವರೇ ಗೊತ್ತಿಲ್ಲದೆ ಹುಟ್ಟುಹಾಕಿದರು. ಕಂಪ್ಯೂಟರಿನ ಡಬ್ಬಿ ಬಿಚ್ಚುವ ಮೊದಲು ಮೈಯಲ್ಲಿನ ವಿದ್ಯುತ್ತು ಇಳಿಯಲಿ ಎಂದು ಅವರು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಿದ್ದರು. ಜನ ಅದನ್ನು ನೋಡಿದರು. ಸ್ವಲ್ಪ ದಿನಗಳಲ್ಲಿ ಎಲ್ಲರೂ ಕಂಪ್ಯೂಟರ್ ಹಚ್ಚುವ ಮೊದಲು ಕಿಟಕಿ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಕಾಕಾ ತಿಳಿಸಿ ಹೇಳಿ ಸೋತರು. ಕೊನೆಗೆ, "ಇರಲಿ ಬಿಡು, ಮುಟ್ಟೂದಂತೂ ಮುಟ್ಟತಾರ" ಎಂದರು.

ಅವರು ದೇವರಂಥ ಮನುಷ್ಯರೇನೂ ಆಗಿರಲಿಲ್ಲ. ಕೇಳದೆ ಉಪದೇಶ ಕೊಡುತ್ತಿದ್ದರು. ಚಹಾ ಆರುವ ತನಕ ಕುಡಿಯದೆ, ಆಮೇಲೆ ಆರಿದೆ ಎಂದು ಮತ್ತೊಮ್ಮೆ ಕಾಯಿಸಲು ಹೇಳುತ್ತಿದ್ದರು. ಮಕ್ಕಳ ಕಾರಿನ ಆಟ ಕದ್ದ ಮಾಲು ಎಂದು ಹೇಳಿ, ಅವರ ಕಣ್ಣೆದುರೇ ಅಳಿಸಿಹಾಕುತ್ತಿದ್ದರು. ಅವರ ಚಪ್ಪಲಿಯ ಸಪ್ಪಳ ಕೇಳಿದರೆ ಮಕ್ಕಳು ಕಂಪ್ಯೂಟರ್ ಆರಿಸಿ ಪುಸ್ತಕ ಹಿಡಿಯುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ಸೊಸೈಟಿಯ ವಿದ್ಯಾಭ್ಯಾಸಕ್ಕೂ ಅವರ ಕೊಡುಗೆ ಇದೆ.

ಕದ್ದ ಮಾಲು ಎಂದೆನಲ್ಲ, ಅದರ ಮಾತು ಹೇಳಬೇಕು. ಮಾರ್ಕೆಟ್ಟಿನ ಅಂಗಡಿಯವನು ಕಂಪ್ಯೂಟರ್ ಮಾರುವಾಗ ಎಲ್ಲ ಸಾಫ್ಟ್‌ವೇರನ್ನೂ ಕಳ್ಳ ಸಿಡಿಯಿಂದ ತುಂಬಿಕೊಡುತ್ತಿದ್ದ. ನಮ್ಮವರು ಪ್ರಾಮಾಣಿಕರು. ಒಬ್ಬರ ನಲ್ಲಿಯಿಂದ ಇನ್ನೊಬ್ಬರು ಒಂದು ಕೊಡ ನೀರು ಹಿಡಿದರೆ ಸೊಸೈಟಿಯ ಸಭೆ ಕರೆಯುತ್ತಾರೆ. ಕೇಳದೆ ಯಾರದೋ ಕರಿಬೇವಿನ ಎಸಳು ಕಿತ್ತವರ ಹೆಸರು ವರ್ಷಗಟ್ಟಲೆ ನೆನಪಿಡುತ್ತಾರೆ. ಆದರೆ ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ, ನನ್ನ ಹತ್ತಿರ ಇರುವುದು ಭಾರೀ ಬೆಲೆಯದು, ನನಗೆ ಹಾಗೇ ಸಿಕ್ಕಿತು ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಕಾಕಾ ತಮ್ಮ ಸಿಡಿ ತೋರಿಸಿ, ಇದೂ ಅದೇ ಕೆಲಸ ಮಾಡುತ್ತದೆ, ಇದನ್ನು ಕದಿಯಬೇಕಾಗಿಲ್ಲ ಎಂದರೆ ಮುಖ ಸಣ್ಣ ಮಾಡುತ್ತಿದ್ದರು. "ಫುಕಟ್?" ಎಂದು ವಹಿನಿ ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ಪುಕ್ಕಟೆ ಕೊಡುತ್ತಾರೆಂದರೆ ಅದರಲ್ಲಿ ಏನೋ ಖೋಟಾ ಇರಲೇಬೇಕು.

ಒಂದು ಸಂಕ್ರಾಂತಿಗೆ ಕಾಕಾ ಮನೆಮನೆಗೂ ಬಟ್ಟಲಲ್ಲಿ ಎಳ್ಳುಬೆಲ್ಲ, ಅದರ ಜೊತೆಗೊಂದು ಸಿಡಿ ಕೊಟ್ಟುಬಂದರು. ಬಟ್ಟಲುಗಳೆಲ್ಲ ವಾಪಸು ಬಂದವು. ವಹಿನಿಯವರ ಮನೆಯಿಂದ ಬಂದ ಬಟ್ಟಲಲ್ಲಿ ಒಂದು ಹಿಡಿ ಸಕ್ಕರೆಯೂ ಇತ್ತು. ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸುವುದು ಅವರ ತವರಿನಲ್ಲಿ ಮಹಾಪಾಪ. ಪ್ರಳಯವಾದರೂ ಅವರು ಆ ನೇಮ ತಪ್ಪಿದವರಲ್ಲ. ಸಿಡಿ ಎಲ್ಲಿ ಹೋಯಿತೆಂದು ಮರುವಾರ ತಿಳಿಯಿತು. ವಹಿನಿಯವರ ಬಾಲ್ಕನಿಯಲ್ಲಿ ದಾರಕ್ಕೆ ತೂಗುಬಿದ್ದು ಬಿಸಿಲಿಗೆ ಹೊಳೆಯುತ್ತ ಪಾರಿವಾಳಗಳನ್ನು ಓಡಿಸುತ್ತಿತ್ತು. ಅವರದನ್ನು ನೋಡಿ ಉಳಿದವರೂ ತೂಗುಹಾಕಿದರು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ನಮ್ಮ ಕಟ್ಟಡದ ತುಂಬ ಕಾಕಾನ ಸಿಡಿಗಳು ಮಿನುಗುತ್ತಿದ್ದವು. ಕಾಕಾ ಬಹಳ ಹೊತ್ತು ನೋಡಿ, "ಕದ್ದದ್ದಕ್ಕ ಎಷ್ಟ್ ಮರ್ಯಾದಿ ನೋಡು, ಕೊಟ್ಟದ್ದಕ್ಕಿಲ್ಲ" ಎಂದು ಒಳಗೆ ಹೋದರು.

ಆ ಮಾತಿನಿಂದಲೇ ಅವರಿಗೆ ದಾರಿ ಹೊಳೆದಿರಬೇಕು. ಉಳಿದ ಸಿಡಿಗಳನ್ನೆಲ್ಲ ಹಸಿರು ಕಪಾಟಿಗೆ ಹಾಕಿ ಬೀಗ ಜಡಿದರು. ಕೀಲಿಕೈಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ, ಬಾಗಿಲಲ್ಲಿ ನಿಂತವರಿಗೂ ಕಾಣುವಂತೆ ತೂಗುಹಾಕಿದರು. ಆಮೇಲೆ ವಹಿನಿಯವರಿಗೊಬ್ಬರಿಗೇ ಗುಟ್ಟಾಗಿ, ಆ ಕಪಾಟನ್ನು ಯಾರೂ ಮುಟ್ಟಬಾರದು, ದಯವಿಟ್ಟು ಯಾರಿಗೂ ಹೇಳಬೇಡಿ ಎಂದರು. ಎಷ್ಟು ಬೆಲೆಯದು ಎಂದು ವಹಿನಿ ಕೇಳಿದರಂತೆ. ಬೆಲೆ ಹೇಳಲು ಬರುವುದಿಲ್ಲ ಎಂದರಂತೆ. ನನಗೆ ಇದನ್ನು ಹೇಳುವಾಗ ಕಾಕಾ ನಗಲಿಲ್ಲ. "ನಾ ಸುಳ್ಳಂತೂ ಹೇಳಿಲ್ಲ" ಎಂದರು.

ದಿನಾ ಸಂಜೆ ಅವರು ಬಾಗಿಲಿಗೆ ಬರೀ ಚಿಲಕ ಹಾಕಿ ತಿರುಗಾಡಲು ಹೋಗುತ್ತಿದ್ದರು. ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಓಡಾಟ ಶುರು. ವಾರದೊಳಗೆ ಕಟ್ಟಡದ ಬಹುಪಾಲು ಮನೆಗಳಲ್ಲಿ ಕಾಕಾನ ಸಾಫ್ಟ್‌ವೇರ್ ಬಂದಿತ್ತು. ಕದ್ದವರು ನಕಲು ಮಾಡಿಕೊಂಡು ಸಿಡಿಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು ಬೀಗ ಹಾಕಿ ಹೋಗುತ್ತಿದ್ದರು, ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಕಳ್ಳರಿಗೆ ತೊಂದರೆಯಾಗದಿರಲಿ ಎಂದು ಕಾಕಾ ಹೆಸರು ಕಾಣುವಂತೆ ಸಿಡಿಗಳನ್ನು ತಿರುಗಿಸಿ ಜೋಡಿಸಿದರು. ಹೆಚ್ಚು ಕಳುವಾಗುವುದರ ಇನ್ನಷ್ಟು ಪ್ರತಿ ಮಾಡಿಟ್ಟರು. ಆಮೇಲೆ ಅದೇ ಜನ ಅವರನ್ನು ಮನೆಗೆ ಕರೆದು, ಇದು ಎಲ್ಲಿಂದ ಬಂತೆಂದು ಹೇಳದೆ, ಇದನ್ನು ಬಳಸುವುದು ಹೇಗೆ ಎಂದು ಕೇಳುತ್ತಿದ್ದರು. ಕಾಕಾ ಎಂದೂ ನೋಡಿಯೇ ಇಲ್ಲದವರ ಹಾಗೆ ಕನ್ನಡಕ ಸರಿಮಾಡಿಕೊಂಡು, ಹೌದೇನು, ಚೆನ್ನಾಗಿದೆಯಲ್ಲ ಎಂದು ಹೇಳಿಕೊಡುತ್ತಿದ್ದರು.

ನನಗೆ ಮಾತ್ರ ಅವರು ಕೈಯಾರೆ ಕೊಟ್ಟಿದ್ದರು. ನನ್ನ ಗಂಡ ಸ್ಕೂಟರಿನಿಂದ ಬಿದ್ದು ಸೊಂಟ ಮುರಿದು ಮಲಗಿದ ವರ್ಷ ಅದು. ರಜೆಯೆಲ್ಲ ಮುಗಿದು ಪಗಾರ ಅರ್ಧಕ್ಕೆ ಬಂದಿತ್ತು. ಮದುವೆಗೆ ಮೊದಲು ಧಾರವಾಡದಲ್ಲಿ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ ಎಂದು ಯಾವಾಗಲೋ ಮಾತಿನಲ್ಲಿ ಹೇಳಿದ್ದನ್ನು ಕಾಕಾ ನೆನಪಿಟ್ಟಿದ್ದರು. ಮೂರು ಹಳೆಯ ಕಂಪ್ಯೂಟರುಗಳ ಭಾಗ ಸೇರಿಸಿ ನನಗೊಂದು ಕಟ್ಟಿಕೊಟ್ಟರು. ಖರಾಡಿಯ ಒಂದು ಕಚೇರಿ ಹಳೆಯ ಕಾಗದಪತ್ರಗಳನ್ನು ಟೈಪು ಮಾಡಲು ಮನೆಗಳಿಗೆ ಕೆಲಸ ಕೊಡುತ್ತಿತ್ತು. ನಾನು, ವಹಿನಿ, ಇನ್ನೂ ಕೆಲವು ಹೆಂಗಸರು ಅದನ್ನು ಹಿಡಿದೆವು. ಒಂದು ದಿನ ಪುಟಗಟ್ಟಲೆ ಟೈಪು ಮಾಡಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಎಲ್ಲ ಅಳಿಸಿಹೋಯಿತು. ಒಳಗೆ ಗಂಡ ನೋವಿಗೆ ನರಳುತ್ತಿದ್ದಾರೆ, ನಾನು ಕಪ್ಪು ಪರದೆಯ ಮುಂದೆ ಕೂತು ಅಳುತ್ತಿದ್ದೇನೆ. ಕಾಕಾ ಬಂದು ನಿಂತರು. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

"ಮೊದಲ ಸೇವ್ ಮಾಡು, ಆಮ್ಯಾಲೆ ಅಳು" ಎಂದರು. "ಅಳೂದು ಎಲ್ಲಿಗೂ ಹೋಗೂದಿಲ್ಲ."

ಅವತ್ತೇ ಅದು ತಾನಾಗಿಯೇ ಆಗಾಗ ಉಳಿಸಿಕೊಳ್ಳುವಂತೆ ಹೊಂದಿಸಿಕೊಟ್ಟರು. ಆಮೇಲೆ ನನ್ನ ಕೆಲಸ ಒಂದು ಪುಟವೂ ಕಳೆಯಲಿಲ್ಲ.

ಕೆಲಸವೇ ಕಳೆಯುವ ಹೊತ್ತು ಒಮ್ಮೆ ಬಂತು. ಕಚೇರಿಯವರು ಎಲ್ಲರಿಗೂ ಫೋನು ಮಾಡಿ, ಒಬ್ಬರು ಮನೆಗೆ ಬಂದು ಕಂಪ್ಯೂಟರ್ ನೋಡುತ್ತಾರೆ, ಕಳ್ಳ ಸಾಫ್ಟ್‌ವೇರಿನಲ್ಲಿ ಟೈಪು ಮಾಡುತ್ತಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದರು. ಕಟ್ಟಡದಲ್ಲಿ ಸೂತಕದ ಕಳೆ. ನನಗೆ ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಔಷಧಿ, ಅಂಗಡಿಯ ದಿನಸಿ ಎಲ್ಲ ಆ ಕೆಲಸದ ಮೇಲೆ ನಿಂತಿತ್ತು. ಪುಕ್ಕಟೆಯದನ್ನು ಅವರು ಒಪ್ಪುತ್ತಾರೋ ಇಲ್ಲವೋ ಎಂದು ನನಗೆ ಹೇಗೆ ಗೊತ್ತಾಗಬೇಕು.

ಬಂದವನು ಬೆಂಗಳೂರು ಕಡೆಯ ಹುಡುಗ. ಮೊದಲು ನನ್ನದನ್ನು ನೋಡಿ, ಸರಿಯಿದೆ ಎಂದು ಗುರುತು ಹಾಕಿಕೊಂಡ. ನನಗೆ ಜೀವ ಬಂತು. ವಹಿನಿಯವರ ಮನೆಗೆ ನನ್ನನ್ನೂ ಕರೆದುಕೊಂಡು ಹೋದ, ಅವನಿಗೆ ಮರಾಠಿ ಬರುತ್ತಿರಲಿಲ್ಲ. ಅವನು ಕುರ್ಚಿಯಲ್ಲಿ ಕೂರುವ ಮೊದಲೇ ವಹಿನಿ ಕಿಟಕಿ ಮುಟ್ಟಿ ಕಣ್ಣಿಗೊತ್ತಿಕೊಂಡು ಅಳಲು ಶುರು ಮಾಡಿದರು. ತಾವು ಮಾನವಂತರು, ಯಾರ ಒಂದು ಕಡ್ಡಿಯನ್ನೂ ಮುಟ್ಟಿದವರಲ್ಲ, ಇದೊಂದು ತಪ್ಪಾಯಿತು, ಮೇಲಿನ ಮನೆಯ ಕಾಕಾನ ಕಪಾಟಿನಿಂದ ಕದ್ದದ್ದು, ಅವನಿಗೆ ಹೇಳು ಎಂದರು.

ನಾನು ಹೇಳಿದೆ: "ಅವರು ಕಳವು ಮಾಡ್ಯಾರಂತ್ರಿ."

ಹುಡುಗ ಪರದೆ ನೋಡಿದ, ವಹಿನಿಯವರನ್ನು ನೋಡಿದ. "ಏನನ್ನ, ಇದನ್ನಾ? ಆಂಟಿ, ಇದನ್ನ ಕದಿಯೋಕೇ ಆಗಲ್ಲ. ಫ್ರೀ ಇದು, ಯಾರು ಬೇಕಾದ್ರೂ ಕಾಪಿ ಮಾಡ್ಕೋಬಹುದು."

ನಾನು ಮರಾಠಿಯಲ್ಲಿ ಹೇಳಿದೆ. ವಹಿನಿಯವರ ಅಳು ನಿಂತಿತು. ಕೆಲಸ ಉಳಿಯಿತೆಂಬ ಸಂತೋಷ ಮುಖದ ಮೇಲೆ ಬಂದು, ಅದರ ಹಿಂದೆಯೇ ಸಿಟ್ಟು ಬಂತು. ಹುಡುಗ ಹೋದ ತಕ್ಷಣ ಮೆಟ್ಟಿಲು ಹತ್ತಿ ಕಾಕಾನ ಬಾಗಿಲಿಗೆ ಹೋದರು. "ಮಗ ಕಪಾಟಾಲಾ ಕುಲೂಪ ಕಶಾಲಾ?" ಹಾಗಾದರೆ ಕಪಾಟಿಗೆ ಬೀಗ ಯಾತಕ್ಕೆ?

ಬೀಗ ಇರದಿದ್ದರೆ ನೀವು ಬರುತ್ತಿದ್ದಿರಾ ಎಂದು ಕಾಕಾ ಕೇಳಿದರು. ವಹಿನಿ ದಡದಡನೆ ಮೆಟ್ಟಿಲಿಳಿದು ಹೋದರು. ಪುಕ್ಕಟೆ ಮಾಲಿಗಾಗಿ ತಮ್ಮನ್ನು ಕಳ್ಳಿ ಮಾಡಿದರೆಂದು ಬಹಳ ದಿನ ಮಾತು ಬಿಟ್ಟರು. ಕಟ್ಟಡದವರೆಲ್ಲರಿಗೂ ಮೋಸಹೋದಂತೆ ಅನಿಸಿತು. ಟೈಪು ಮಾಡುವ ಹೆಂಗಸರನ್ನು ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ಮತ್ತೆ ಮಾರ್ಕೆಟ್ಟಿನ ಅಂಗಡಿಯ ಕಳ್ಳ ಸಿಡಿಗೆ ಮರಳಿದರು. ಕಾಕಾ ಬೀಗ ತೆಗೆದಿಟ್ಟರು. ಕಪಾಟಿನ ಬಾಗಿಲು ಅಲ್ಲಿಂದ ಮುಂದೆ ತೆರೆದೇ ಇತ್ತು, ಯಾರೂ ಬರಲಿಲ್ಲ. ಅವರು ಮಾತ್ರ ಹೊಸದು ಬಂದಾಗಲೆಲ್ಲ ಪ್ರತಿ ಮಾಡಿ, ದುಂಡಗೆ ಹೆಸರು ಬರೆದು ಜೋಡಿಸುವುದನ್ನು ಬಿಡಲಿಲ್ಲ.

ಅವೇ ಸಿಡಿಗಳು ಈಗ ಮೆಟ್ಟಿಲ ಕೆಳಗೆ ನೆಲದ ಮೇಲೆ ಬಿದ್ದಿದ್ದವು. ಸೆರಗಿನಲ್ಲಿ ತುಂಬಿಕೊಂಡು ಮೇಲೆ ಹತ್ತಿ, ಮತ್ತೆ ಕಪಾಟಿನಲ್ಲಿ ಹೆಸರು ಕಾಣುವಂತೆ ಜೋಡಿಸಿದೆ. ಭಾನುವಾರಕ್ಕೆ ಹೆಚ್ಚು ದಿನ ಇರಲಿಲ್ಲ. ಕಾಕಾನ ಸ್ಕ್ರೂಡ್ರೈವರುಗಳ ಡಬ್ಬಿಯಲ್ಲಿ ಹಳೆಯ ಬೀಗ ಸಿಕ್ಕಿತು. ಕಪಾಟಿಗೆ ಜಡಿದೆ, ಕೀಲಿಕೈಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿದೆ. ಕಾಕಾನ ಅಣ್ಣನ ಮಗನಿಗೆ, ಸಂಜೆ ಹೊತ್ತು ಹೊರಗೆ ಹೋಗುವಾಗ ಬರೀ ಚಿಲಕ ಹಾಕು ಎಂದೆ. ಅವನು ಯಾಕೆಂದು ಕೇಳಲಿಲ್ಲ. ನಾನು ದುಃಖದಲ್ಲಿ ಏನೋ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಆಮೇಲೆ ಕೆಳಗಿಳಿದು ವಹಿನಿಯವರ ಬಾಗಿಲು ಬಡಿದು, ಕಾಕಾನ ಕಪಾಟಿಗೆ ಬೀಗ ಹಾಕಿದ್ದೇನೆ, ಯಾರೂ ಮುಟ್ಟಬಾರದು ಎಂದೆ. ಒಳಗಿರುವುದು ಅವೇ ಸಿಡಿಗಳಲ್ಲವೇ ಎಂದು ಕೇಳಿದರು. ಅವೇ ಎಂದೆ. ಮತ್ತೆ ಬೀಗ ಯಾತಕ್ಕೆ ಎಂದರು. ಆಮೇಲೆ ತಾವೇ ನನ್ನ ಮುಖ ನೋಡಿ, ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು, ಸರಿ, ಯಾರಿಗೂ ಹೇಳುವುದಿಲ್ಲ ಎಂದರು.

ಭಾನುವಾರ ಬೆಳಿಗ್ಗೆ ಹುಡುಗ ನಮ್ಮ ಮನೆಗೆ ಓಡಿಬಂದ. ಗುಜರಿಯವನು ಬಂದಿದ್ದಾನೆ, ಬೀಗ ತೆಗೆದು ನೋಡಿದರೆ ಒಳಗೆ ಒಂದೂ ಸಿಡಿ ಇಲ್ಲ ಎಂದ.

"ಅಕ್ಕಾರ, ಕಳ್ಳರು ಬಂದಿದ್ರು. ಪೊಲೀಸರಿಗೆ ಹೇಳೋಣೇನ್ರಿ?"

"ಬ್ಯಾಡಪ್ಪಾ" ಎಂದೆ. "ಅದನ್ನ ಕದಿಯಾಕ ಬರೂದಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಅವನು ತೆಗೆಯುವ ಮೊದಲು ಬೀಗ ಹಾಕಿದ ಹಾಗೇ ಇತ್ತಂತೆ, ಕೀಲಿಕೈ ಮೊಳೆಯ ಮೇಲೇ ಇತ್ತಂತೆ. ಕಪಾಟಿನ ಎಲ್ಲ ಅರೆಗಳೂ ಖಾಲಿ. ನಡುವಿನ ಅರೆಯಲ್ಲಿ ಮಾತ್ರ ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಒಂದು ಹಿಡಿ ಸಕ್ಕರೆ. ಬಟ್ಟಲಿನ ಅಂಚಿನ ಮೇಲೆ, ಪಾತ್ರೆ ಅಂಗಡಿಯವರು ಚುಕ್ಕೆಚುಕ್ಕೆಯಾಗಿ ಕೆತ್ತುತ್ತಾರಲ್ಲ, ಹಾಗೆ, ಸೆಕ್ರೆಟರಿಯವರ ಪೂರ್ತಿ ಹೆಸರು.

ಸಕ್ಕರೆಯನ್ನು ಗುಜರಿಯವನ ಕೈಗೂ ಹುಡುಗನ ಕೈಗೂ ಇಷ್ಟಿಷ್ಟು ಹಾಕಿ ನಾನೂ ತಿಂದೆ. ಖಾಲಿ ಕಪಾಟನ್ನು ಗುಜರಿಯವನು ತಕ್ಕಡಿಗೆ ಹಾಕಿದ. ಬಟ್ಟಲು ತೊಳೆದು ಮನೆಗೆ ತಂದಿದ್ದೇನೆ. ಇದನ್ನು ಬರೆಯುತ್ತಿರುವ ಕಂಪ್ಯೂಟ­ರಿನ ಪಕ್ಕದಲ್ಲೇ ಇದೆ. ವಹಿನಿಯವರಿಗೆ ತಿರುಗಿ ಕೊಡಬೇಕು. ಖಾಲಿ ಕೊಡುವಂತಿಲ್ಲ. ಏನು ಹಾಕಿ ಕೊಟ್ಟರೆ ಸರಿಹೋಗುತ್ತದೆ ಎಂದು ಕಾಕಾನನ್ನು ಕೇಳಲು ಮೇಲಿನ ಮನೆಗೆ ಹೊರಟು, ಎರಡು ಮೆಟ್ಟಿಲು ಹತ್ತಿ, ಇಳಿದುಬಂದೆ.